ಆರು ತಿಂಗಳ ಅಲೈನರ್ ಒಂಬತ್ತನೇ ತಿಂಗಳಿಗೆ ಬಂತು, ಟ್ರೇ ಕೂರುತ್ತಿಲ್ಲ. ಇನ್ನೆಷ್ಟು ದಿನ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹಲ್ಲು ಸಾಲು ಮಾಡಲು ಪಾರದರ್ಶಕ ಪ್ಲಾಸ್ಟಿಕ್ ಟ್ರೇ ಹಾಕುತ್ತಾರಲ್ಲ, ಆ ಅಲೈನರ್ ಹಾಕಿಸಿಕೊಂಡಿದ್ದೇನೆ. ಶುರುವಿನಲ್ಲಿ ಸ್ಕ್ಯಾನ್ ಮಾಡಿ, ಪರದೆ ಮೇಲೆ ಹಲ್ಲೆಲ್ಲ ಸಾಲಾಗಿ ನಿಲ್ಲುವುದನ್ನು ತೋರಿಸಿ, ಆರು ತಿಂಗಳು ಸಾಕು ಅಂದರು. ಒಟ್ಟು 26 ಟ್ರೇ, ವಾರಕ್ಕೊಂದು. ಈಗ ಒಂಬತ್ತನೇ ತಿಂಗಳು, ನಾನಿನ್ನೂ 19ನೇ ಟ್ರೇಯಲ್ಲೇ ಇದ್ದೇನೆ. ಮೇಲಿನ ಸಾಲಿನಲ್ಲಿ ಎಡಗಡೆ, ಮುಂದಿನ ದೊಡ್ಡ ಹಲ್ಲಿನ ಪಕ್ಕದ ಚಿಕ್ಕ ಹಲ್ಲು ಟ್ರೇ ಒಳಗೆ ಪೂರ್ತಿ ಹೋಗುತ್ತಲೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ಮಧ್ಯೆ ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಖಾಲಿ ಜಾಗ. ಮಾತಾಡುವಾಗ ಅದರೊಳಗೆ ಜೊಲ್ಲಿನ ಗುಳ್ಳೆ ಓಡಾಡುತ್ತದೆ. ಟ್ರೇ ಕೂರಿಸಲು ಕಚ್ಚುವ ಮೆತ್ತನೆಯ ಚ್ಯೂಯಿಯನ್ನು ಕಚ್ಚಿ ಕಚ್ಚಿ ದವಡೆ ನೋವು ಬಂತು. ಜನವರಿಯಲ್ಲಿ ಆಫೀಸಿನವರು ಜರ್ಮನಿಗೆ ಕಳಿಸುತ್ತಿದ್ದಾರೆ. ಅಷ್ಟರಲ್ಲಿ ಮುಗಿಯುತ್ತಾ ಇಲ್ವಾ? ದಯವಿಟ್ಟು ಯಾರಾದರೂ ಹೇಳಿ.

ಕಡಲೆಕಾಯಿ_ಬಸವನಗುಡಿ
ಗುರು, ದಿನಕ್ಕೆ ಎಷ್ಟು ಗಂಟೆ ಹಾಕುತ್ತೀರಿ? ಅದನ್ನೇ ಬರೆದಿಲ್ಲ. 22 ಗಂಟೆ ಆಗದಿದ್ದರೆ ಬೇರೆ ಏನು ಮಾಡಿದರೂ ಅಷ್ಟೇ. ಬೆಂಗಳೂರಿನವರ ದಿನ ಹೇಗಿರುತ್ತದೆ ನೋಡಿ. ಬೆಳಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ, ಹನ್ನೊಂದಕ್ಕೆ ಕಾಫಿ, ಮಧ್ಯಾಹ್ನ ಊಟ, ನಾಲ್ಕಕ್ಕೆ ಇನ್ನೊಂದು ಬೈಟು ಕಾಫಿ, ಸಂಜೆ ಚುರುಮುರಿ, ರಾತ್ರಿ ಊಟ. ಒಂದೊಂದಕ್ಕೂ ಅರ್ಧ ಗಂಟೆ ಹಿಡಿದರೆ ಮೂರು ಗಂಟೆ ಅಲ್ಲೇ ಹೋಯಿತು. ಅದರ ಮೇಲೆ ಹಲ್ಲುಜ್ಜುವುದು ಬೇರೆ.

ಹೇಮಾವತಿ_ದಂಡೆ
22 ಗಂಟೆ ಹಾಕುತ್ತೇನೆ ಸರ್. ಫೋನ್‌ನಲ್ಲಿ ಟೈಮರ್ ಇಟ್ಟಿದ್ದೇನೆ. ಈ ಟ್ರೇಗೋಸ್ಕರ ಹನ್ನೊಂದರ ಕಾಫಿಯನ್ನೂ ಬಿಟ್ಟಿದ್ದೇನೆ.

ಕಡಲೆಕಾಯಿ_ಬಸವನಗುಡಿ
ಟೈಮರ್ ಒತ್ತಲು ಮರೆತ ದಿನಗಳನ್ನು ಯಾರು ಲೆಕ್ಕ ಇಟ್ಟಿದ್ದಾರೆ? ಶನಿವಾರ, ಭಾನುವಾರ? ನೆಂಟರ ಮನೆ ಮದುವೆ? ಎಲೆ ಊಟಕ್ಕೆ ಕೂತರೆ ಎದ್ದೇಳಲು ಒಂದು ಗಂಟೆ. ಸುಮ್ನೆ ಹೇಳುತ್ತಿಲ್ಲ, ನನ್ನದೂ ಹೀಗೇ ಆಗಿತ್ತು. ಗಂಟೆ ಸರಿ ಮಾಡಿಕೊಂಡ ಮೇಲೆ ಎಲ್ಲ ಸರಿಹೋಯಿತು.

ಮಲ್ಲಿಗೆ_8ನೇಕ್ರಾಸ್
ಮೊದಲು ಸಮಯದ ಪ್ರಶ್ನೆಗೆ ಉತ್ತರ ಕೊಡೋಣ. ಸಣ್ಣಪುಟ್ಟ ಸಂದು, ಸ್ವಲ್ಪ ಓರೆ ಅಂದರೆ ಆರು ತಿಂಗಳ ಆಸುಪಾಸು. ಸಾಧಾರಣ ಕೇಸ್‌ಗೆ 12 ರಿಂದ 18 ತಿಂಗಳು. ಕಚ್ಚುವ ರೀತಿಯನ್ನೇ ಬದಲಿಸಬೇಕಾದರೆ ಎರಡು ವರ್ಷವೂ ಹಿಡಿಯುತ್ತದೆ. ಆದರೆ ಪರದೆ ಮೇಲೆ ತೋರಿಸುವುದು ಮೊದಲ ಸೆಟ್‌ನ ಲೆಕ್ಕ ಮಾತ್ರ. ಆ ಸೆಟ್ ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ, ಉಳಿದದ್ದನ್ನು ಸರಿ ಮಾಡಲು ಇನ್ನೊಂದು ಸೆಟ್ ಕೊಡುತ್ತಾರಲ್ಲ, ಅದೇ ರಿಫೈನ್‌ಮೆಂಟ್. ಬಹಳ ಜನಕ್ಕೆ ಅದು ಬೇಕೇ ಬೇಕಾಗುತ್ತದೆ. ನನಗೆ ಒಂದು ವರ್ಷ ಅಂದಿದ್ದರು, ರಿಫೈನ್‌ಮೆಂಟ್ ಸೇರಿ ಒಂದೂವರೆ ವರ್ಷ ದಾಟಿತು. ನನ್ನ ಕೋರೆ ಹಲ್ಲು ತಿರುಗಬೇಕಿತ್ತು. ಅದರ ಮೈ ದುಂಡಗಿರುವುದರಿಂದ ಪ್ಲಾಸ್ಟಿಕ್‌ಗೆ ಹಿಡಿತ ಸಿಗುವುದಿಲ್ಲ.

ಈಗ ನಿಮಗೆ ಕೇಳುತ್ತೇನೆ. ಆ ಚಿಕ್ಕ ಹಲ್ಲಿನ ಮೇಲೆ ಅಟ್ಯಾಚ್‌ಮೆಂಟ್, ಅಂದರೆ ಟ್ರೇಗೆ ಹಿಡಿತ ಸಿಗಲು ಅಂಟಿಸುವ ಸಣ್ಣ ಉಬ್ಬು, ಇತ್ತಾ? ಅದು ಉದುರಿಲ್ಲ ತಾನೆ? ಹಲ್ಲಿನ ಬಣ್ಣದ್ದೇ ಆದ್ದರಿಂದ ಬಿದ್ದರೂ ಗೊತ್ತಾಗುವುದಿಲ್ಲ. ನಾಲಿಗೆಯಿಂದ ಸವರಿ ನೋಡಿ.

ಹೇಮಾವತಿ_ದಂಡೆ
ಇದೆ ಮೇಡಂ, ಗಟ್ಟಿಯಾಗಿದೆ. ಅರಿಶಿನ ಹಿಡಿದು ಹಳದಿ ಆಗಿರುವುದರಿಂದ ಚೆನ್ನಾಗಿಯೇ ಕಾಣುತ್ತದೆ.

ಗ್ಯಾಜೆಟ್_ಗಿರಿನಗರ
ವೈಬ್ರೇಟ್ ಆಗುವ ಸಾಧನ ಸಿಗುತ್ತದೆ, ದಿನಾ ಸ್ವಲ್ಪ ಹೊತ್ತು ಕಚ್ಚಿ ಹಿಡಿದರೆ ಹಲ್ಲು ಬೇಗ ಸರಿಯುತ್ತದೆ. ನನ್ನ ಹತ್ತಿರ ಇದೆ. ಜೊತೆಗೆ ಅಲ್ಟ್ರಾಸಾನಿಕ್ ಕ್ಲೀನರ್ ಇಟ್ಟಿದ್ದೇನೆ, ಟ್ರೇ ಹೊಸದರ ಹಾಗೆ ಹೊಳೆಯುತ್ತದೆ. ಮನೆಯಲ್ಲಿ ರೆಸಿನ್ 3ಡಿ ಪ್ರಿಂಟರ್ ಕೂಡ ಇದೆ. 2016ರಲ್ಲಿ ಅಮೆರಿಕದ ಒಬ್ಬ ಕಾಲೇಜು ವಿದ್ಯಾರ್ಥಿ ತಾನೇ ಪ್ರಿಂಟ್ ಮಾಡಿಕೊಂಡು ಅಲೈನರ್ ಹಾಕಿದ್ದು ಸುದ್ದಿಯಾಗಿತ್ತು. ಚಿಕಿತ್ಸೆ ಮುಗಿದ ಮೇಲೆ ಹಲ್ಲು ವಾಪಸ್ ಸರಿಯದಂತೆ ಹಾಕುವ ರಿಟೇನರ್ ಇದೆಯಲ್ಲ, ಮುಂದಿನದನ್ನು ನಾನೇ ಮಾಡಿಕೊಳ್ಳುವ ಯೋಚನೆ ಇದೆ. ಬೇಕಾದರೆ ಪ್ರಿಂಟರ್ ಸೆಟಪ್ ಫೋಟೋ ಹಾಕುತ್ತೇನೆ.

ಆರ್ಥೊ_ಪಿಜಿ_2
ಗಿರಿನಗರದ ಸರ್, ಕಂಪನದಿಂದ ಹಲ್ಲು ಬೇಗ ಸರಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆ ದುಡ್ಡು ಉಳಿಸಿ. ಮನೆಯಲ್ಲಿ ಅಲೈನರ್ ಮಾಡುವುದಂತೂ ಬೇಡವೇ ಬೇಡ. ನಾವು ಸರಿಸುವುದು ಹೊರಗೆ ಕಾಣುವ ಹಲ್ಲನ್ನಲ್ಲ, ಬೇರನ್ನು. ಪೂರ್ತಿ ದವಡೆ ಕಾಣುವ ಓಪಿಜಿ ಎಕ್ಸ್-ರೇ ನೋಡದೆ, ಒಸಡು ಮತ್ತು ಮೂಳೆ ಹೇಗಿದೆ ಅಂತ ತಿಳಿಯದೆ ಒತ್ತಡ ಹಾಕಿದರೆ ಚೆನ್ನಾಗಿದ್ದ ಹಲ್ಲೂ ಅಲುಗಾಡಲು ಶುರುವಾಗುತ್ತದೆ.

ಹೇಮಾವತಿ ಅವರೇ, ಒಂದೊಂದು ಟ್ರೇ ಹಲ್ಲನ್ನು ಸರಿಸುವುದು ಸುಮಾರು 0.25 ಮಿಲಿಮೀಟರ್. ಒತ್ತಿದ ಕಡೆ ಮೂಳೆ ಕರಗಬೇಕು, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ಕಟ್ಟಬೇಕು. ಇದಕ್ಕೆ ಅವಸರ ಮಾಡುವ ಹಾಗಿಲ್ಲ. ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಖಾಲಿ ಇದೆ ಅಂದರೆ ಹಲ್ಲು ಪ್ಲಾನ್‌ಗಿಂತ ಹಲವು ಟ್ರೇ ಹಿಂದೆ ಉಳಿದಿದೆ ಅಥವಾ ಟ್ರೇಯೇ ಮೇಲಕ್ಕೆ ಹತ್ತುತ್ತಿಲ್ಲ. ಇವೆರಡೂ ಬೇರೆ ಬೇರೆ ಸಮಸ್ಯೆ. ಖಾಲಿ ಜಾಗ ಇರುವುದು ಆ ಒಂದೇ ಹಲ್ಲಿಗಾ, ಪಕ್ಕದ ಕೋರೆ ಹಲ್ಲಿಗೂ ಇದೆಯಾ?

ಕಡಲೆಕಾಯಿ_ಬಸವನಗುಡಿ
ವಾರಕ್ಕೊಂದು ಟ್ರೇ ಅನ್ನುವುದೇ ತಪ್ಪು. ಮುಂಚೆ ಎಲ್ಲರಿಗೂ ಎರಡು ವಾರ ಕೊಡುತ್ತಿದ್ದರು. ಈಗ ಬೇಗ ಮುಗಿಸುವ ಆಸೆ ತೋರಿಸಿ ವಾರಕ್ಕೆ ಇಳಿಸಿದ್ದಾರೆ. ಎರಡು ವಾರ ಹಾಕಿ, ದಿನಕ್ಕೆ 22 ಗಂಟೆ, ತಾನಾಗಿ ಕೂರುತ್ತದೆ.

ಆರ್ಥೊ_ಪಿಜಿ_2
ವಾರಕ್ಕೆ ಬದಲಿಸುವುದು ತಪ್ಪಲ್ಲ ಸರ್. ಇನ್ವಿಸಲೈನ್ ಎನ್ನುವ ಅಲೈನರ್ ತಯಾರಿಸುವ ಕಂಪನಿಯೇ 2016ರಿಂದ ಹಲವು ಕೇಸ್‌ಗಳಿಗೆ ವಾರದ ಬದಲಾವಣೆ ಹೇಳುತ್ತಿದೆ. ಕೆಲವರಿಗೆ ವಾರ ಸಾಕು, ಕೆಲವರಿಗೆ ಹತ್ತು ದಿನ, ಕೆಲವರಿಗೆ ಎರಡು ವಾರ. ಹೊಸ ಟ್ರೇ ಹಾಕಿದ ಮೊದಲ ಎರಡು ಮೂರು ದಿನ ಬಿಗಿ ಇದ್ದು, ಆಮೇಲೆ ಸಲೀಸಾಗಿ ಹಾಕಿ ತೆಗೆಯುವಂತಾದರೆ ಹಲ್ಲು ಜೊತೆಗೇ ಬರುತ್ತಿದೆ ಅಂತ ಅರ್ಥ. ಇನ್ನೂ ಬಿಗಿ ಇದ್ದರೆ ಮುಂದಕ್ಕೆ ಹೋಗಬಾರದು.

ಕಡಲೆಕಾಯಿ_ಬಸವನಗುಡಿ
ನಾನು ಹೇಳುವುದೂ ಅದನ್ನೇ ಅಲ್ವಾ?

ಹೇಮಾವತಿ_ದಂಡೆ
ಈಗ ಸರಿಯಾಗಿ ನೋಡಿದೆ. ಕೋರೆ ಹಲ್ಲಿಗೂ ಖಾಲಿ ಇದೆ, ಅದರ ಹಿಂದಿನದಕ್ಕೂ ಸ್ವಲ್ಪ. ಬಲಗಡೆ ಎಲ್ಲಾ ಸರಿ ಕೂತಿದೆ. ಎಡಗಡೆ ಹಿಂದೆ ಬೆರಳಿಟ್ಟು ಒತ್ತಿದರೆ ಟ್ರೇ ಮುಂದುಗಡೆ ಏಳುತ್ತದೆ. ಮುಂದೆ ಒತ್ತಿದರೆ ಹಿಂದೆ ಟಕ್ ಅನ್ನುತ್ತದೆ.

ಮಲ್ಲಿಗೆ_8ನೇಕ್ರಾಸ್
ಒಂದು ಕಡೆ ಮಾತ್ರ! ಹಾಗಾದರೆ ಗಂಟೆಯ ಮಾತು ಬಿಡಿ. ಗಂಟೆ ಕಡಿಮೆಯಾದರೆ ಅರ್ಧ ಬಾಯಿಗೆ ಮಾತ್ರ ಕಡಿಮೆಯಾಗುತ್ತದಾ? ಎಡಗಡೆ ದವಡೆ ಹಲ್ಲಿಗೆ ಏನಾದರೂ ಮಾಡಿಸಿದ್ದೀರಾ? ಸಿಮೆಂಟ್ ತುಂಬಿಸಿದ್ದು, ಬೇರೆ ಏನಾದರೂ?

ಹೇಮಾವತಿ_ದಂಡೆ
ಕ್ಯಾಪ್ ಹಾಕಿಸಿದ್ದೇನೆ. ಅದು ಹಿಂದಿನ ದೊಡ್ಡ ದವಡೆ ಹಲ್ಲಿಗೆ, ಇದಕ್ಕೆ ಸಂಬಂಧ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಆ ಹಲ್ಲು ವಿಪರೀತ ನೋವು ಬಂತು. ಹಾಸನದಲ್ಲೇ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಕೂರಿಸಿಕೊಂಡು ಬಂದೆ. ಆಗ 15ನೇ ಟ್ರೇ ನಡೆಯುತ್ತಿತ್ತು ಅನಿಸುತ್ತೆ. 16ನೇದು ಹಾಕುವಾಗಲೇ ಎಡಗಡೆ ಬಿಗಿ ಇತ್ತು. ಹೊಸ ಟ್ರೇ ಅಲ್ವಾ, ಹೀಗೇ ಇರುತ್ತದೆ ಅಂದುಕೊಂಡೆ.

ಆರ್ಥೊ_ಪಿಜಿ_2
ಸಂಬಂಧ ಇದೆ. ಈ ಚರ್ಚೆಯಲ್ಲಿ ಈವರೆಗೆ ಬಂದ ಮಾತಿನಲ್ಲಿ ಇದೇ ಮುಖ್ಯ. ನಿಮ್ಮ 26 ಟ್ರೇಗಳೂ ಮೊದಲ ದಿನದ ಸ್ಕ್ಯಾನ್ ಆಧರಿಸಿ ತಯಾರಾದವು. ಆ ಸ್ಕ್ಯಾನ್‌ನಲ್ಲಿ ಇರುವುದು ಹಳೆಯ ದವಡೆ ಹಲ್ಲಿನ ಆಕಾರ. ಕ್ಯಾಪ್ ಕೂದಲೆಳೆಯಷ್ಟು ದಪ್ಪ ಅಥವಾ ಎತ್ತರ ಇದ್ದರೂ ಟ್ರೇ ಅಲ್ಲೇ ತಡೆದು ನಿಲ್ಲುತ್ತದೆ. ಹಿಂದೆ ಕೂರದಿದ್ದರೆ ಮುಂದೆಯೂ ಕೂರುವುದಿಲ್ಲ. ಹಾಗಾದಾಗ ಮುಂದಿನ ಹಲ್ಲಿನ ಮೇಲೆ ಬೀಳಬೇಕಾದ ಒತ್ತಡ ಬೀಳುವುದಿಲ್ಲ, ಹಲ್ಲು ನಿಂತಲ್ಲೇ ನಿಲ್ಲುತ್ತದೆ. ನೀವು ವಾರ ವಾರ ಕಾದರೂ ಆ ಭಾಗದಲ್ಲಿ ಕೆಲಸ ನಡೆದಿರುವುದಿಲ್ಲ. ಬಾಯಿ ನೋಡದೆ ಖಂಡಿತ ಇದೇ ಅಂತ ಹೇಳುವುದು ಸರಿಯಲ್ಲ, ಆದರೆ ಮೊದಲು ನೋಡಿಸಬೇಕಾದ್ದು ಇದನ್ನೇ.

20ಕ್ಕೆ ಹೋಗಬೇಡಿ. ಸರಿಯಾಗಿ ಕೂರುತ್ತಿದ್ದ ಕೊನೆಯ ಟ್ರೇ ಇಟ್ಟುಕೊಂಡಿದ್ದೀರಾ? ನಿಮ್ಮ ಆರ್ಥೊಗೆ (ಹಲ್ಲು ಸಾಲು ಮಾಡುವ ಡಾಕ್ಟರ್‌ಗೆ) ಇವತ್ತೇ ಫೋನ್ ಮಾಡಿ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಅದನ್ನು ಹಾಕಲೋ, 19ನ್ನೇ ಮುಂದುವರಿಸಲೋ ಅಂತ ಅವರನ್ನೇ ಕೇಳಿ.

ಕಡಲೆಕಾಯಿ_ಬಸವನಗುಡಿ
ಕ್ಯಾಪ್ ವಿಷಯ ಮೊದಲೇ ಹೇಳಿದ್ದರೆ ನಾನು ಬೇರೆ ಥರ ಹೇಳುತ್ತಿದ್ದೆ. ಆದರೂ ಬುದ್ಧಿ ಹಲ್ಲು ಇದೆಯಾ ನೋಡಿಸಿ. ಅದು ಹಿಂದಿನಿಂದ ತಳ್ಳಿದರೆ ಮುಂದಿನ ಹಲ್ಲೆಲ್ಲ ಓರೆಯಾಗುತ್ತದೆ.

ಆರ್ಥೊ_ಪಿಜಿ_2
ಬುದ್ಧಿ ಹಲ್ಲು ತಳ್ಳುವುದರಿಂದ ಮುಂದಿನ ಹಲ್ಲು ಓರೆಯಾಗುತ್ತದೆ ಎನ್ನುವುದು ಹಳೆಯ ನಂಬಿಕೆ ಸರ್. ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಬುದ್ಧಿ ಹಲ್ಲು ತೆಗೆಸಿಕೊಂಡವರ ಮುಂದಿನ ಹಲ್ಲೂ ವಯಸ್ಸಾದಂತೆ ಒತ್ತಾಗುತ್ತದೆ.

ಕಡಲೆಕಾಯಿ_ಬಸವನಗುಡಿ
ನಮ್ಮ ಮನೆಯಲ್ಲೇ ಕಣ್ಣಾರೆ ನೋಡಿದ್ದೇನೆ. ಇದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ.

ಹೇಮಾವತಿ_ದಂಡೆ
ಶನಿವಾರ ಹೋಗಿ ಬಂದೆ. ಡಾಕ್ಟರ್ ಕ್ಯಾಪ್ ಮೇಲೆ ಬೆರಳಾಡಿಸಿ, 19ನೇ ಟ್ರೇ ಹಾಕಿ ನೋಡಿ, ಕೆನ್ನೆ ಕಡೆಯ ಅಂಚು ಉಬ್ಬಿದೆ ಎಂದರು. ಕ್ಯಾಪ್ ಉಜ್ಜಿ ಸಣ್ಣ ಮಾಡಬಹುದು, ಆದರೆ ಮುಂದಿನ ಹಲ್ಲು ಈಗಾಗಲೇ ಪ್ಲಾನ್‌ನಿಂದ ದೂರ ಉಳಿದಿರುವುದರಿಂದ ಹೊಸ ಸ್ಕ್ಯಾನ್ ಮಾಡಿಸುವುದೇ ಮೇಲು ಅಂದರು. ಸ್ಕ್ಯಾನ್ ಆಯಿತು. ಹೊಸ ಟ್ರೇ ಬರಲು ಕೆಲವು ವಾರ ಬೇಕಂತೆ. ಅಲ್ಲಿಯವರೆಗೆ ಹಲ್ಲು ಹಿಂದಕ್ಕೆ ಹೋಗದಂತೆ 15ನೇ ಟ್ರೇ ಹಾಕಲು ಹೇಳಿದ್ದಾರೆ. ಕ್ಯಾಪ್ ಇರುವ ಜಾಗದಲ್ಲಿ ಅದರ ಅಂಚು ಕತ್ತರಿಸಿ ಕೊಟ್ಟರು, ಸರಿಯಾಗಿ ಕೂತಿದೆ. ಜನವರಿಯೊಳಗೆ ಮುಗಿಯುವುದಿಲ್ಲ ಅನ್ನುವುದು ಖಾತ್ರಿಯಾಯಿತು. ಬೇಜಾರಿದೆ, ಆದರೆ ಕಾರಣ ಗೊತ್ತಾಗಿದ್ದಕ್ಕೆ ಸಮಾಧಾನವೂ ಇದೆ. ಮಲ್ಲಿಗೆ ಮೇಡಂಗೆ, ಪಿಜಿ ಡಾಕ್ಟರ್‌ಗೆ ಮನಸಾರೆ ಧನ್ಯವಾದ.

ಆರ್ಥೊ_ಪಿಜಿ_2
ಜರ್ಮನಿಗೆ ಹೊರಡುವ ಮುಂಚೆ ಎರಡೂ ಸ್ಕ್ಯಾನ್ ಫೈಲ್, ಓಪಿಜಿ, ಫೋಟೋ, ಎಲ್ಲಿ ಎಷ್ಟು ಐಪಿಆರ್ (ಜಾಗಕ್ಕಾಗಿ ಹಲ್ಲಿನ ಪಕ್ಕವನ್ನು ತುಸು ಉಜ್ಜುವುದು) ಮಾಡಿದ್ದಾರೆ ಎನ್ನುವ ಚೀಟಿ, ಎಲ್ಲ ಕೇಳಿ ತೆಗೆದುಕೊಳ್ಳಿ. ಅಲ್ಲಿಯ ಡಾಕ್ಟರ್ ಇವಿಲ್ಲದೆ ಕೇಸ್ ಮುಟ್ಟುವುದು ಕಷ್ಟ, ಮೊದಲಿನಿಂದ ಶುರು ಮಾಡೋಣ ಅಂದರೂ ಅನ್ನಬಹುದು. ಹೊಸ ಟ್ರೇಗಳನ್ನು ಒಟ್ಟಿಗೆ ಕೊಡಲು ಸಾಧ್ಯವಾ, ವಿಡಿಯೋ ಕರೆಯಲ್ಲಿ ನೋಡುತ್ತಾರಾ ಅಂತಲೂ ಕೇಳಿ. ಮುಗಿದ ಮೇಲೆ ರಿಟೇನರ್ ಬಿಡಬೇಡಿ. ಮೊದಲ ಕೆಲವು ತಿಂಗಳು ಡಾಕ್ಟರ್ ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿ ಹೊತ್ತು, ವರ್ಷಗಟ್ಟಲೆ. ಟ್ರೇಯಾಗಲಿ ರಿಟೇನರ್ ಆಗಲಿ ಬಿಸಿ ನೀರಿನಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ.

ಗ್ಯಾಜೆಟ್_ಗಿರಿನಗರ
ರಿಟೇನರ್‌ಗೆ ನನ್ನ ಅಲ್ಟ್ರಾಸಾನಿಕ್ ಕ್ಲೀನರ್ ಬಹಳ ಒಳ್ಳೆಯದು. ತಣ್ಣೀರಿನಲ್ಲೇ ನಡೆಯುತ್ತದೆ. ಯಾವ ಮಾಡೆಲ್ ಅಂತ ಬೇಕಾದವರು ಕೇಳಿ.

ಯಶವಂತಪುರ_ಅಮ್ಮ
ಇದರಲ್ಲೇ ಕೇಳುತ್ತೇನೆ, ಕ್ಷಮಿಸಿ. ಮಗಳಿಗೆ ಹನ್ನೆರಡು ವರ್ಷ. ಕೋರೆ ಹಲ್ಲು ಮೇಲೆ ಒಸಡಿನಲ್ಲಿ ಹುಟ್ಟುತ್ತಿದೆ. ಒಬ್ಬರು ಕ್ಲಿಪ್ ಅಂದರು, ಒಬ್ಬರು ಅಲೈನರ್ ಅಂದರು. ಖರ್ಚು ನೋಡಿ ಭಯವಾಗಿದೆ.

ಮಲ್ಲಿಗೆ_8ನೇಕ್ರಾಸ್
ಅಮ್ಮಾ, ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಕಳೆದುಹೋಗುತ್ತದೆ. ಅಷ್ಟರಲ್ಲಿ ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜಿನ ಆರ್ಥೊ ವಿಭಾಗದಲ್ಲಿ ಒಮ್ಮೆ ತೋರಿಸಿ. ವಿಕ್ಟೋರಿಯಾ ಆಸ್ಪತ್ರೆ ಆವರಣ, ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆದರೆ ಆಯಿತು. ಬೆಳಗ್ಗೆ ಬೇಗ ಹೋಗಿ. ಓಪಿಜಿ ಈಗಾಗಲೇ ತೆಗೆಸಿದ್ದರೆ ಮರೆಯದೆ ಕೈಯಲ್ಲಿ ಹಿಡಿದುಕೊಂಡು ಹೋಗಿ.