ಇಂಜಿನಿಯರಿಂಗ್ ಜೊತೆ ಪ್ರೀಮೆಡ್: ಆಸ್ಟಿನ್ನೋ, ಅಟ್ಲಾಂಟಾವೋ?

ಡಲ್ಲಾಸ್‌ನ ತಾಯಿ: ಮಗಳಿಗೆ ಬಯೋಮೆಡಿಕಲ್ ಇಂಜಿನಿಯರಿಂಗ್‌ಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ನಮ್ಮದೇ ರಾಜ್ಯದ ಯುಟಿ ಆಸ್ಟಿನ್, ಇನ್ನೊಂದು ಅಟ್ಲಾಂಟಾದ ಜಾರ್ಜಿಯಾ ಟೆಕ್. ಆಮೇಲೆ ಡಾಕ್ಟರ್ ಆಗಬೇಕು ಅಂತ ಅವಳ ಆಸೆ. ಮೇ 1ರೊಳಗೆ ಹೇಳಬೇಕು. ನಾನು ಓದಿದ್ದು ದಾವಣಗೆರೆಯಲ್ಲಿ. ಅಲ್ಲಿ ಪಿಯುಸಿ ಆದ ಮೇಲೆ ಒಂದೋ ಮೆಡಿಕಲ್, ಇಲ್ಲ ಇಂಜಿನಿಯರಿಂಗ್. ಎರಡು ದೋಣಿಯಲ್ಲಿ ಕಾಲಿಡುವ ಈ ಲೆಕ್ಕ ನನಗೆ ತಿಳಿಯುತ್ತಿಲ್ಲ. ಇದನ್ನು ದಾಟಿ ಬಂದವರು ಹೇಳಿ.

ಹ್ಯೂಸ್ಟನ್‌ನಿಂದ: ಅಕ್ಕ, ಪ್ರೀಮೆಡ್ ಅನ್ನೋದು ಡಿಗ್ರಿ ಅಲ್ಲ, ಡಿಗ್ರಿ ಆದ ಮೇಲೆ ಮೆಡಿಕಲ್ ಸೇರಲು ಮುಗಿಸಿರಬೇಕಾದ ಕೋರ್ಸುಗಳು. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಸಮೇತ, ಜೊತೆಗೆ ಬಯೋಕೆಮಿಸ್ಟ್ರಿ. ಇಷ್ಟು ಮುಗಿಸಿ ಎಂಕ್ಯಾಟ್ ಅನ್ನೋ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದರೆ ಯಾವ ಡಿಗ್ರಿಯವರೂ ಅರ್ಜಿ ಹಾಕಬಹುದು. ಕಾಲೇಜಿನ ಹೆಸರಿಗಿಂತ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಕಾಯ್ದುಕೊಳ್ಳೋದು ಮುಖ್ಯ.

ನನ್ನ ಮಗ ಮೆಕ್ಯಾನಿಕಲ್. ಥರ್ಮೋಡೈನಮಿಕ್ಸ್, ಆರ್ಗ್ಯಾನಿಕ್ ಎರಡನ್ನೂ ಒಂದೇ ಸೆಮಿಸ್ಟರಿಗೆ ಹಾಕಿಕೊಂಡ. ಗುರುವಾರ ಲ್ಯಾಬ್ ಮುಗಿಸಿ ಬರುವಾಗ ಕೈಯಲ್ಲಿ ಇನ್ನೂ ಅಸಿಟೋನ್ ವಾಸನೆ. ತಣ್ಣಗಾದ ಚಿತ್ರಾನ್ನ ತಿಂದು, ರಾತ್ರಿ ಎರಡರವರೆಗೆ ಥರ್ಮೋ ಲೆಕ್ಕ. ಆರ್ಗ್ಯಾನಿಕ್‌ನಲ್ಲಿ ಬಿ ಬಂತು, ಥರ್ಮೋದಲ್ಲಿ ಎ. ಎಎಂಕ್ಯಾಸ್ (ಎಷ್ಟೋ ಮೆಡಿಕಲ್ ಕಾಲೇಜುಗಳಿಗೆ ಒಟ್ಟಿಗೆ ಹಾಕುವ) ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತವನ್ನು ಬೇರೆ ತೆಗೆದು ಸೈನ್ಸ್ ಜಿಪಿಎ ಮಾಡುತ್ತಾರೆ. ಥರ್ಮೋ ಇಂಜಿನಿಯರಿಂಗ್ ಲೆಕ್ಕಕ್ಕೆ ಹೋಯಿತು, ಕಷ್ಟಪಟ್ಟು ತಂದ ಆ ಎ ಅದರೊಳಗೆ ಬರಲೇ ಇಲ್ಲ! ಆ ಬಿ ಮಾತ್ರ ಹಾಗೇ ಕೂತಿತು. ಒಂದು ವರ್ಷ ತಡವಾಗಿ ಸೀಟು ಸಿಕ್ಕಿತು ಅನ್ನಿ. ಎರಡೂ ಕಾಲೇಜಿನ ಎಂಟು ಸೆಮಿಸ್ಟರ್ ಪಟ್ಟಿ ಹರಡಿಕೊಂಡು, ಪ್ರೀಮೆಡ್ ಕೋರ್ಸುಗಳನ್ನೆಲ್ಲ ಎಲ್ಲಿ ಕೂರಿಸಬಹುದು ಅಂತ ಮೊದಲು ನೋಡಿ.

ಅಟ್ಲಾಂಟಾದಿಂದ: ಟೆಕ್‌ಗೆ ಸ್ವಂತ ಮೆಡಿಕಲ್ ಕಾಲೇಜಿಲ್ಲ, ಆದರೆ ಬಯೋಮೆಡಿಕಲ್ ವಿಭಾಗವನ್ನು ಎಮೊರಿ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸುತ್ತಾರೆ. ಆಸ್ಟಿನ್‌ನಲ್ಲಿ ಡೆಲ್ ಮೆಡಿಕಲ್ ಸ್ಕೂಲ್ 2016ರಲ್ಲಿ ಶುರುವಾಯಿತು. ಇದನ್ನೆಲ್ಲ ಜಾಸ್ತಿ ತೂಗಬೇಡಿ. ದೊಡ್ಡ ವಿಷಯ ಬೇರೆ ಇದೆ: ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಕನಿಷ್ಠ ಶೇ. 90 ಸೀಟು ಅಲ್ಲಿಯ ನಿವಾಸಿಗಳಿಗೆ. ನೀವು ಡಲ್ಲಾಸ್‌ನಲ್ಲೇ ಇದ್ದರೆ, ಮಗಳು ಇಲ್ಲಿಗೆ ಓದಲು ಬಂದಳು ಅಂತ ಸಾಮಾನ್ಯವಾಗಿ ಆ ನಿವಾಸಿ ಲೆಕ್ಕ ತಪ್ಪುವುದಿಲ್ಲ. ಖರ್ಚಾಗೋದು ದುಡ್ಡು. ಹೊರ ರಾಜ್ಯದವರ ಫೀಸು ನಾಲ್ಕು ವರ್ಷ ಕಟ್ಟಿ, ಮುಂದೆ ಮೆಡಿಕಲ್‌ನ ಇನ್ನೂ ನಾಲ್ಕು ವರ್ಷ ಇದೆ ಅಲ್ವಾ? ನನ್ನ ಮಗಳು ಟೆಕ್‌ನಲ್ಲೇ ಇದ್ದಾಳೆ, ಖುಷಿಯಾಗಿದ್ದಾಳೆ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಆಸ್ಟಿನ್ ಅನ್ನುತ್ತಿದ್ದೆ.

ನ್ಯೂಜೆರ್ಸಿಯಿಂದ: ಯಾರೂ ಕೇಳಿಲ್ಲ, ನಾನು ಕೇಳುತ್ತೇನೆ. ಗ್ರೀನ್ ಕಾರ್ಡ್ ಬಂದಿದೆಯಾ? ಎಚ್-4 (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಮಕ್ಕಳಿಗೆ ಸಿಗುವ ವೀಸಾ) ಆದರೆ 21 ತುಂಬಿದ ಮೇಲೆ ಅದು ನಡೆಯಲ್ಲ, ಬೇರೆ ವೀಸಾ ನೋಡಬೇಕು. ಎಷ್ಟೋ ಮೆಡಿಕಲ್ ಕಾಲೇಜುಗಳು ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರನ್ನು ಬಿಟ್ಟು ಬೇರೆಯವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ನಮಗಿದು ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಶನಿವಾರ ಶನಿವಾರ ಆಸ್ಪತ್ರೆಗೆ ಹೋಗಿ ವೀಲ್‌ಚೇರ್ ತಳ್ಳುತ್ತಿದ್ದ ನಮ್ಮ ಹುಡುಗ, ಒಂದು ಶನಿವಾರ ಸುಮ್ನೆ ಮಲಗಿಬಿಟ್ಟ. ಈಗ ಮೆಡಿಕಲ್ ಉಪಕರಣ ಮಾಡುವ ಕಂಪನಿಯಲ್ಲಿದ್ದಾನೆ. ಇಂಜಿನಿಯರಿಂಗ್ ಇದ್ದಿದ್ದಕ್ಕೆ ಬಚಾವ್.

ಡಲ್ಲಾಸ್‌ನ ತಾಯಿ: ಗ್ರೀನ್ ಕಾರ್ಡ್ ಹೋದ ವರ್ಷ ಬಂತು, ದೇವರು ದೊಡ್ಡವನು. ನಿನ್ನೆ ರಾತ್ರಿ ಪಟ್ಟಿ ಹರಡಿಕೊಂಡು ಕೂತೆವು. ಎರಡೂ ಕಡೆ ಐದನೇ ಸೆಮಿಸ್ಟರೇ ಕಗ್ಗಂಟು. ಮಗಳು ಎರಡೂ ಕಾಲೇಜಿಗೆ ಮೇಲ್ ಬರೆದಿದ್ದಾಳೆ. ಅವಳಪ್ಪ ಮಾತ್ರ ಫೀಸಿನ ಕಾಗದ ಹಿಡಿದು ಆಗಲೇ ಆಸ್ಟಿನ್ ಕಡೆ ವಾಲಿದ್ದಾರೆ.