ವೃತ್ತದಲ್ಲಿ ಟ್ರಾಟ್ ಮಾಡುವಾಗ ಕುದುರೆಯ ಲಯ ತಪ್ಪುವುದೇಕೆ?

ಪ್ರಶ್ನೆ:
ನನ್ನ ಕುದುರೆ ನೇರ ದಾರಿಯಲ್ಲಿ ಒಂದೇ ಲಯದಲ್ಲಿ ಟ್ರಾಟ್ (ನಡಿಗೆಗಿಂತ ವೇಗದ ಕುಲುಕು ಓಟ) ಮಾಡುತ್ತದೆ. ಆದರೆ 20 ಮೀಟರ್ ವ್ಯಾಸದ ವೃತ್ತಕ್ಕೆ ತಿರುಗಿಸಿದೊಡನೆ, ಅದರಲ್ಲೂ ಎಡಕ್ಕೆ, ವೇಗ ಹೆಚ್ಚಿಸಿಕೊಂಡು ಒಳಗಿನ ಭುಜದ ಮೇಲೆ ವಾಲುತ್ತದೆ. ಲಗಾಮು ಬಿಗಿದರೆ ತಲೆ ಎತ್ತುತ್ತದೆ, ಸಡಿಲಿಸಿದರೆ ಇನ್ನಷ್ಟು ಓಡುತ್ತದೆ. ಮೊದಲು ತಿದ್ದಬೇಕಾದದ್ದು ಕುದುರೆಯ ಸಮತೋಲವನ್ನೇ, ನನ್ನದನ್ನೇ?

ಉತ್ತರ 1:
ಸವಾರರಿಂದಲೇ ಆರಂಭಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ನಿಂತ ಕುದುರೆಯ ದೇಹಭಾರದಲ್ಲಿ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಇರುತ್ತದೆ. ಅದಕ್ಕೆ ಮುಂದಕ್ಕೆ ಬಾಗಿ ತಿರುವಿನ ಒಳಬದಿಗೆ ಒರಗುವ ಸವಾರರ ಭಾರವೂ ಸೇರಿದರೆ, ತನ್ನನ್ನು ಸಂಭಾಳಿಸಿಕೊಳ್ಳಲು ಕುದುರೆ ಅವಸರಿಸುತ್ತದೆ. ಅನುಭವಿ ತರಬೇತುದಾರರು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತಿರುವಾಗ, ಲಗಾಮನ್ನೂ ರಿಕಾಪನ್ನೂ (ಜೀನಿನಿಂದ ಇಳಿಬಿಟ್ಟ, ಪಾದವಿಡುವ ಕೊಂಡಿ) ಬಿಟ್ಟು, ಮೊದಲು ನಡಿಗೆಯಲ್ಲಿ, ಬಳಿಕ ಸ್ವಲ್ಪ ಹೊತ್ತು ಟ್ರಾಟ್‌ನಲ್ಲಿ ಕುಳಿತು ಅಭ್ಯಾಸ ಮಾಡಿ. ಕೈಯನ್ನು ಆಸರೆಗೆ ಬಳಸುವ ಅಭ್ಯಾಸ ಹೀಗಲ್ಲದೆ ಬಿಡುವುದು ಕಷ್ಟ.

ಟ್ರಾಟ್‌ನಲ್ಲಿ ಒಂದು ಮುಂಗಾಲು ಮತ್ತು ಅದರ ಎದುರು ಬದಿಯ ಹಿಂಗಾಲು ಜೊತೆಯಾಗಿ ನೆಲ ಮುಟ್ಟುವುದರಿಂದ ಗೊರಸಿನ ಎರಡು ಪೆಟ್ಟುಗಳು ಸಮಾನ ಅಂತರದಲ್ಲಿ ಕೇಳಬೇಕು. ಅವನ್ನು ಗಟ್ಟಿಯಾಗಿ ಎಣಿಸಿ. ಎದ್ದು ಕೂರುತ್ತ ಸವಾರಿ ಮಾಡುವಾಗ ವೃತ್ತದ ಹೊರಬದಿಯ ಮುಂಗಾಲು ಮುಂದೆ ಹೋದಂತೆ ಏಳಿ, ಅದು ಹಿಂದೆ ಬಂದಂತೆ ಕುಳಿತುಕೊಳ್ಳಿ. ಕುದುರೆ ಓಡತೊಡಗಿದಾಗ ನೀವು ಅದರ ವೇಗಕ್ಕೆ ಹೊಂದಿಕೊಳ್ಳದೆ, ನಿಮ್ಮ ಏಳುಕೂರಿನ ಲಯವನ್ನೇ ತುಸು ನಿಧಾನಗೊಳಿಸಿದರೆ, ಬಹಳಷ್ಟು ಕುದುರೆಗಳು ಲಗಾಮಿನ ಎಳೆತವಿಲ್ಲದೆಯೇ ಅದನ್ನು ಅನುಸರಿಸುತ್ತವೆ.

ಉತ್ತರ 2:
ಮೇಲಿನ ಮಾತು ಸರಿ. ಆದರೆ ಒಂದೇ ಬದಿಗೆ ತೊಂದರೆಯಿದ್ದರೆ ನೋವು ಅಥವಾ ಸರಿಹೊಂದದ ಜೀನು ಕಾರಣವಾಗಿರಬಹುದು; ಪಶುವೈದ್ಯರಿಗೆ ತೋರಿಸದೆ ಅಭ್ಯಾಸವನ್ನು ಹೆಚ್ಚಿಸಬೇಡಿ. ಅದು ತಿಳಿಯಾದ ಮೇಲೆ ನೆಲದಲ್ಲಿ ನಾಲ್ಕು ಮರದ ಕಂಬಗಳನ್ನು ನೇರ ಸಾಲಿನಲ್ಲಿ, 1.2ರಿಂದ 1.4 ಮೀಟರ್ ಅಂತರದಲ್ಲಿ, ಕುದುರೆಯ ಹೆಜ್ಜೆಗೆ ಹೊಂದಿಸಿ ಇಟ್ಟು ಟ್ರಾಟ್‌ನಲ್ಲಿ ದಾಟಿಸಿ. ಹೆಜ್ಜೆಯನ್ನು ಕುದುರೆಯೇ ಅಳೆಯಲು ಕಲಿಯುತ್ತದೆ.

ಪ್ರಶ್ನೆ ಕೇಳಿದವರು:
ಕಂಬಗಳನ್ನು ವೃತ್ತದಲ್ಲಿಯೂ ಇಡಬಹುದೇ?

ಉತ್ತರ 2:
ಇಡಬಹುದು, ಆದರೆ ಈಗಲೇ ಬೇಡ. ಬೀಸಣಿಗೆಯಂತೆ ಹರಡಿದ ಕಂಬಗಳ ಅಂತರ ಒಳಗೆ ಕಿರಿದು, ಹೊರಗೆ ಹಿರಿದು. ವಾಲುವ ಕುದುರೆ ಒಳಕ್ಕೆ ಜಾರಿ ಎಡವುವ ಸಂಭವವಿದೆ. ಅದಕ್ಕೆ ಮೊದಲು ಪ್ರತಿ ಅರ್ಧ ಸುತ್ತಿಗೊಮ್ಮೆ ಟ್ರಾಟ್‌ನಿಂದ ನಡಿಗೆಗೆ, ಮತ್ತೆ ನಡಿಗೆಯಿಂದ ಟ್ರಾಟ್‌ಗೆ ಬದಲಿಸುತ್ತ, ಹಿಂಗಾಲುಗಳು ಹೆಚ್ಚು ಭಾರ ಹೊರುವಂತೆ ಮಾಡಿ. ಎಡ ಸುತ್ತಿನಲ್ಲಿಯೂ ಲಯ ಕೆಡದೆ ಈ ಬದಲಾವಣೆಗಳು ನಡೆದಾಗ ಎರಡೇ ಕಂಬಗಳಿಂದ ಆರಂಭಿಸಿ.