ಪದ ಬೇಕು: ಗೇಮ್‌ನಲ್ಲಿ ಬೀಳುವ 'ಲೂಟ್'ಗೆ ಕನ್ನಡದಲ್ಲಿ ಏನನ್ನೋಣ? (ಶನಿವಾರದೊಳಗೆ)

ರಾತ್ರಿಪಾಳಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ.

ನಾವು ನಲವತ್ತು ಜನ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಗೇಮ್ ಆಡುತ್ತೇವೆ. ಹೆಚ್ಚಿನವರು ಕನ್ನಡದವರೇ. ಶನಿವಾರ ರಾತ್ರಿ ರೇಡ್, ಅಂದರೆ ಮೋಲ್ಟನ್ ಕೋರ್ ಎಂಬ ರಾಕ್ಷಸರ ಗುಹೆಗೆ ಎಲ್ಲರೂ ಸೇರಿ ನುಗ್ಗುವುದು. ನಲವತ್ತು ಜನ ಸೇರಿ ಒಂದು ಬಾಸ್ (ದೊಡ್ಡ ರಾಕ್ಷಸ) ಹೊಡೆದರೆ ಬೀಳುವುದು ಬೆರಳೆಣಿಕೆಯ ಸಾಮಾನು, ಅದೇ ಲೂಟ್. ಹೋದ ವಾರ ಅದಕ್ಕೇ ಜಗಳವಾಗಿ ಇಬ್ಬರು ತಂಡ ಬಿಟ್ಟರು. ಈಗ ಹಂಚಿಕೆಯ ನಿಯಮ ಕನ್ನಡದಲ್ಲಿ ಬರೆದು ನಾವು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮೇಲೆ ಅಂಟಿಸಬೇಕು.

'ಲೂಟಿ ಹಂಚಿಕೆ' ಎಂದು ಬರೆದಿದ್ದೆ. ನೋಡಿದ ಒಬ್ಬ, "ಟೆಂಡರ್ ಯಾರಿಗಾಯ್ತು ಗುರು?" ಎಂದ. ಅಳಿಸಿಬಿಟ್ಟೆ. ಲೂಟ್, ನೀಡ್, ಗ್ರೀಡ್, ರೋಲ್, ಲೂಟ್ ಕೌನ್ಸಿಲ್, ನಿಂಜಾ: ಇಷ್ಟಕ್ಕೂ ಪದ ಬೇಕು. ಸಾಮಾನು ಬಿದ್ದಾಗ ನಿಜವಾಗಿ ಬೇಕಾದವರು ಒತ್ತುವ ಬಟನ್ ನೀಡ್, ಸಿಕ್ಕರೆ ಸಿಗಲಿ ಅನ್ನುವವರದು ಗ್ರೀಡ್. ರೋಲ್ ಅಂದರೆ 1ರಿಂದ 100ರೊಳಗೆ ಅದೃಷ್ಟದ ಅಂಕಿ ಹಾಕುವುದು, ದೊಡ್ಡದು ಬಿದ್ದವರಿಗೆ ಸಾಮಾನು. ಲೂಟ್ ಕೌನ್ಸಿಲ್ ಅಂದರೆ ಯಾರಿಗೆ ಏನು ಎಂದು ಕೂತು ತೀರ್ಮಾನಿಸುವ ಕೆಲವರು. ನಿಂಜಾ ಅಂದರೆ ಕೇಳದೆ ಸಾಮಾನು ಎತ್ತಿಕೊಂಡು ಪರಾರಿ ಆಗುವವನು.

ಶಕಟರೇಫ:

ಲೂಟಿ ಕನ್ನಡವಲ್ಲ. ಇಂಗ್ಲಿಷಿನವರೂ ಅದನ್ನು ಹಿಂದಿಯಿಂದ ಎತ್ತಿಕೊಂಡವರೇ. ನಮ್ಮಲ್ಲಿ ಸೂರೆ ಇದೆ. ಹಳಗನ್ನಡದಲ್ಲಿ ಸೂಱೆ, ತಮಿಳಿನಲ್ಲೂ ಅದೇ ಬೇರು. ಕೊಳ್ಳೆಯೂ ಇದೆ, 'ಕೊಳ್' ಧಾತುವಿನಿಂದ ಬಂದದ್ದು. ರೇಡ್‌ಗೆ ತುಱುಗೋಳ್. ವೀರಗಲ್ಲು ಓದಿದವರಿಗೆ ಗೊತ್ತು: ದನ ಹೊಡೆದುಕೊಂಡು ಹೋಗುವ ದಾಳಿ. ದಾಳಿ ಎಂಬ ಪದವೂ ಹೊರಗಿನದೇ, ಅದೂ ಬೇಡ. ಸೂರೆಪಾಲು ಎಂದು ಬರೆಯಿರಿ. ಮುಗಿಯಿತು.

ಮಲೆನಾಡಿನವಳು:

ಮುಗಿಯಲಿಲ್ಲ ಸಾರ್. ಸೂರೆ ಅಂದರೆ ಇವತ್ತು ನೆನಪಾಗುವುದು ಶಾಲೆ ವಾರ್ಷಿಕೋತ್ಸವದ ವರದಿ. "ಪುಟಾಣಿಗಳ ನೃತ್ಯ ಪ್ರೇಕ್ಷಕರ ಮನಸೂರೆಗೊಂಡಿತು." ಶನಿವಾರ ರಾತ್ರಿ ರಾಕ್ಷಸನ ಎದುರು ನಿಂತವನಿಗೆ ಅದು ಬೇಕಾ? ಮತ್ತೆ ಅಲ್ಲಿ ದನ ಎಲ್ಲಿದೆ?

ಅದಿರಲಿ. ಇಲ್ಲಿ ದೋಚಿಸಿಕೊಂಡವರು ಯಾರು? ಯಾರೂ ಇಲ್ಲ. ಇದು ಬೇಟೆ. ನಮ್ಮ ಅಜ್ಜ ಹೇಳುತ್ತಿದ್ದರು, 1972ರ ವನ್ಯಜೀವಿ ಕಾಯ್ದೆಗೂ ಹಿಂದಿನ ಮಾತು: ಹಂದಿ ಬಿದ್ದರೆ ಗುಂಡು ಹೊಡೆದವನಿಗೆ ಒಂದು ಕೈ ಜಾಸ್ತಿ. ಸೋವುತ್ತಾ ಗದ್ದಲ ಮಾಡಿಕೊಂಡು ಬಂದವರಿಗೆ ಒಂದೊಂದು. ನಾಯಿಗೂ ಒಂದು. ಮುತ್ತುಗದ ಎಲೆ ಸಾಲಾಗಿ ಹಾಸಿ, ಎಲ್ಲರ ಕಣ್ಣೆದುರೇ ಗುಡ್ಡೆ ಹಾಕುತ್ತಿದ್ದರಂತೆ. ಅದಕ್ಕೆ ಅವರು ಹೇಳುತ್ತಿದ್ದ ಪದ ಒಂದೇ, ಪಾಲು. ಅಷ್ಟು ಸಾಕಲ್ವಾ?

ಕೋಟೆಬೀದಿ:

ಲೂಟಿ ಎಂದಾಗ ನಮ್ಮೂರ ಕಡೆಯವರು ಸುಮ್ನೆ ಕೂರುವುದು ಕಷ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೊದಲು ಸಿಪಾಯಿಗಳು ಕೈಗೆ ಸಿಕ್ಕಿದ್ದನ್ನು ದೋಚಿದರು. ಆಮೇಲೆ ಉಳಿದದ್ದಕ್ಕೆ ಲೆಕ್ಕ, ಕಮಿಟಿ, ದರ್ಜೆಗೆ ತಕ್ಕ ಪಾಲು. ಟಿಪ್ಪುವಿನ ಚಿನ್ನದ ಸಿಂಹಾಸನ ಒಬ್ಬರಿಗೆ ಕೊಡುವ ಹಾಗಿಲ್ಲ ಅಂತ ಒಡೆದು ತುಂಡು ಮಾಡಿ ಹಂಚಿದರು. ಹುಲಿಯ ತಲೆ ಈಗ ವಿಂಡ್ಸರ್ ಅರಮನೆಯಲ್ಲಿದೆ. ಅಂದರೆ ಲೂಟಿಯೂ ನಿಯಮದ ಪ್ರಕಾರವೇ ನಡೆಯುತ್ತದೆ. ಪಾಲು ಎಂದ ಮಾತ್ರಕ್ಕೆ ನ್ಯಾಯ ಆಗುವುದಿಲ್ಲ. ಲೂಟಿ ಎಂದೇ ಇಡಿ, ಕನಿಷ್ಠ ಪ್ರಾಮಾಣಿಕವಾಗಿರುತ್ತದೆ.

ರಾತ್ರಿಪಾಳಿ:

ಸಿಂಹಾಸನದ ವಿಷಯ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಜಗಳವೂ ಅಂಥದ್ದೇ. ಥಂಡರ್‌ಫ್ಯೂರಿ ಎಂಬ ಕತ್ತಿ ಇದೆ. ಅದನ್ನು ಮಾಡಿಕೊಳ್ಳಲು ಬೈಂಡಿಂಗ್ ಎಂಬ ಎರಡು ಸಾಮಾನು ಬೇಕು. ಒಂದು ಗಾರ್ ಎಂಬ ಬಾಸ್ ಹತ್ತಿರ, ಇನ್ನೊಂದು ಬ್ಯಾರನ್ ಗೆಡನ್ ಹತ್ತಿರ. ಎರಡೂ ಬೀಳುವುದು ಬಲು ಅಪರೂಪ. ಒಂದು ಒಬ್ಬನಿಗೆ, ಇನ್ನೊಂದು ಇನ್ನೊಬ್ಬನಿಗೆ ಹೋದರೆ ಕತ್ತಿ ಯಾರಿಗೂ ಆಗುವುದಿಲ್ಲ. ನಮ್ಮಲ್ಲಿ ಹಾಗೇ ಆಯಿತು. ಮೊದಲನೆಯದು ಏಟು ತಿನ್ನುತ್ತಾ ಮುಂದೆ ನಿಲ್ಲುವ ಟ್ಯಾಂಕ್‌ಗೆ ಹೋಗಿತ್ತು. ಎರಡನೆಯದಕ್ಕೆ ರೋಲ್ ಮಾಡಿಸಿದೆವು. ಮೊದಲ ಸಲ ಬಂದಿದ್ದ ಹುಡುಗನಿಗೆ 98 ಬಿತ್ತು. ಟ್ಯಾಂಕ್‌ಗೆ 41. ನಿಯಮದ ಪ್ರಕಾರ ಸರಿಯೇ. ಟ್ಯಾಂಕ್ ಏನೂ ಮಾತಾಡಲಿಲ್ಲ, ಹೆಡ್‌ಸೆಟ್ ತೆಗೆದಿಟ್ಟ ಸದ್ದು ಮಾತ್ರ ಕೇಳಿಸಿತು. ಅವನ ಜೊತೆ ಅವನ ತಮ್ಮನೂ ಹೋದ.

ಅದಕ್ಕೇ ಈಗ ಡಿಕೆಪಿ ತರುತ್ತಿದ್ದೇವೆ. ಡ್ರ್ಯಾಗನ್ ಕಿಲ್ ಪಾಯಿಂಟ್ಸ್. 1999ರ ಎವರ್‌ಕ್ವೆಸ್ಟ್ ಗೇಮ್‌ನಿಂದ ಬಂದ ಪದ್ಧತಿ. ವಾರ ವಾರ ಬಂದು ದುಡಿದವರಿಗೆ ಅಂಕ, ಸಾಮಾನು ತೆಗೆದುಕೊಂಡರೆ ಅಂಕ ಕಡಿತ. ಇದಕ್ಕೂ ಪದ ಕೊಡಿ.

ಮಲೆನಾಡಿನವಳು:

ಇದಕ್ಕೆ ಪದ ಹುಟ್ಟಿಸಬೇಕಾ? ಮುಯ್ಯಿ! ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಯ್ಯಾಳು ಅನ್ನುವುದು ಅದಕ್ಕೇ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ನೋಟ್‌ಬುಕ್ ನೋಡಿಲ್ವಾ? ಯಾರು ಎಷ್ಟು ಕೊಟ್ಟರು ಎಂದು ಸಾಲಾಗಿ ಬರೆದಿರುತ್ತದೆ. ನಿಮ್ಮ ಡಿಕೆಪಿ ಅಂದರೆ ಮುಯ್ಯಿ ಲೆಕ್ಕ.

ಉಳಿದವು: ನೀಡ್‌ಗೆ 'ಬೇಕೇ ಬೇಕು', ಗ್ರೀಡ್‌ಗೆ 'ಸಿಕ್ಕರೆ ಸರಿ', ಪಾಸ್‌ಗೆ 'ಬೇಡ'. ಗ್ರೀಡ್‌ಗೆ ದುರಾಸೆ ಎಂದು ಹಾಕಬೇಡಿ. ಯಾರೂ ಒತ್ತಲ್ಲ. ರೋಲ್‌ಗೆ ಗರ ಹಾಕುವುದು, ಚೌಕಾಬಾರದಲ್ಲಿ ಹಾಕುವುದು ಅದನ್ನೇ ತಾನೆ. ಕೌನ್ಸಿಲ್ ಪಂಚಾಯ್ತಿ. ನಿಂಜಾ ಮಾಡಿದ ಅನ್ನುವುದಕ್ಕೆ ಎಗರಿಸಿದ.

ಶಕಟರೇಫ:

ಪಂಚಾಯ್ತಿ ಸಂಸ್ಕೃತ. ಬಾಸ್ ಇಂಗ್ಲಿಷ್. ಮುಯ್ಯಿ ಒಪ್ಪಿದೆ. ಆದರೆ 'ಮುಯ್ಯಿ ತೀರಿಸಿಕೊಂಡ' ಎಂದರೆ ಸೇಡು ಎಂಬ ಅರ್ಥವೂ ಇದೆ, ಗೊತ್ತಿರಲಿ.

ರಾತ್ರಿಪಾಳಿ:

ಸೇಡೂ ನಮ್ಮ ತಂಡಕ್ಕೆ ಸರಿಹೋಗುತ್ತದೆ ಸಾರ್.

ತಾಲೂಕು ಕಚೇರಿ:

ಹಳ್ಳಿಯಲ್ಲಿ ಪಾಲಿಗೆ ಹಿಸ್ಸೆ ಎನ್ನುತ್ತಾರೆ. ಪಹಣಿಯಲ್ಲಿ ಹಿಸ್ಸಾ ನಂಬರ್ ಇದೆ. ಅಣ್ಣತಮ್ಮಂದಿರು ಕೋರ್ಟ್ ಹತ್ತುವುದೂ ಅದಕ್ಕೇ. ಅಳೆದು, ಗಡಿ ಕಲ್ಲು ನೆಟ್ಟು ಕೊಡುವ ಭಾಗ ಅದು. ಯಾಕೆ ಹೇಳಿಲ್ಲ ಯಾರೂ?

ಶಕಟರೇಫ:

ಅದು ಅರಬ್ಬಿ. ಹೇಳದಿದ್ದುದೇ ಒಳ್ಳೆಯದು.

ತಾಲೂಕು ಕಚೇರಿ:

ಹಾಗಾದರೆ ತಹಶೀಲ್ದಾರ್, ಜಮೀನು, ಹರಾಜು, ಖಾತೆ ಎಲ್ಲ ಬಿಟ್ಟು ಒಂದು ಅರ್ಜಿ ಬರೆದು ತೋರಿಸಿ. 'ಅರ್ಜಿ'ಯನ್ನೂ ಬಿಡಬೇಕು. ನಾನು ಕೌಂಟರ್‌ನಲ್ಲೇ ಕಾಯುತ್ತಿರುತ್ತೇನೆ.

ಕೋಟೆಬೀದಿ:

ಬೇರು ಹುಡುಕುವುದೂ ಒಂಥರಾ ತುರುಗೋಳೇ. ಬೇರೆಯವರ ಕೊಟ್ಟಿಗೆ ಯಾವುದು ಎಂದು ಕೇಳುತ್ತಾ ಕೂತರೆ ಹಾಲು ಕರೆಯುವವರು ಯಾರು?

ಶಕಟರೇಫ:

ಚಪ್ಪಾಳೆಗೆ ಬರೆದ ಸಾಲು. ಪದ ಎಲ್ಲಿದೆ? ಇವತ್ತು ಹಿಸ್ಸೆ ಬಿಟ್ಟರೆ ನಾಳೆ ಷೇರ್. ಆಮೇಲೆ ಪಾಲು ಎಂಬ ಪದ ನಾಟಕದಲ್ಲಿ ಮಾತ್ರ ಉಳಿಯುತ್ತದೆ.

ಮಲೆನಾಡಿನವಳು:

ಪಾಲು ಎಲ್ಲಿಗೂ ಹೋಗಲ್ಲ ಸಾರ್. ಮನೆ ಪಾಲಾಗುವವರೆಗೂ ಇರುತ್ತದೆ. ಕೇಳಿದವರಿಗೆ ಶನಿವಾರ ಹತ್ತಿರ ಬಂತು, ಬಿಡಿ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಅಂಟಿಸಿದ್ದು ಹೀಗಿದೆ, ತಪ್ಪಿದ್ದರೆ ಇವತ್ತು ರಾತ್ರಿ ಎಂಟರೊಳಗೆ ಹೇಳಿ:

"ಪಾಲಿನ ನಿಯಮ. ಮುಯ್ಯಿ ಲೆಕ್ಕ ಜಾಸ್ತಿ ಇರುವವರಿಗೆ ಮೊದಲ ಆಯ್ಕೆ. ಸಮ ಬಂದರೆ ಗರ. ಬೈಂಡಿಂಗ್‌ಗೆ ಗರ ಇಲ್ಲ, ಎರಡೂ ಒಬ್ಬರಿಗೇ. ಯಾರಿಗೆ ಎಂದು ಪಂಚಾಯ್ತಿ ಮೊದಲೇ ಹೇಳುತ್ತದೆ. ಏಟು ತಿನ್ನುವವರು, ವಾಸಿ ಮಾಡುವವರು ಬಾಸ್‌ಗೆ ಕಡಿಮೆ ಹೊಡೆದರು ಅಂತ ಮುಯ್ಯಿ ಕಡಿಮೆ ಆಗುವುದಿಲ್ಲ. ಎಗರಿಸಿದವರು ಮುಂದಿನ ವಾರ ಬರಬೇಡಿ."

ಹೋದ ಟ್ಯಾಂಕ್‌ಗೂ ಕಳಿಸಿದೆ. "ಮುಯ್ಯಿ ಹಿಂದಿನ ವಾರಗಳಿಗೂ ಸೇರುತ್ತಾ?" ಎಂದು ಕೇಳಿದ್ದಾನೆ.

ಶಕಟರೇಫ:

'ನಿಯಮ' ಸಂಸ್ಕೃತ. 'ಕಟ್ಟಲೆ' ಎನ್ನಿ.